ಪಕ್ಕದ ಮೇಜಿನ ಹೆಗ್ಗಣ

ಫೆಬ್ರವರಿ 2, ಶನಿವಾರ

…ಹೊದಿಕೆ ಚೆಂದ, ಒಳಗೆ ಯಾರೂ ಇಲ್ಲ. ಹೀಗೇನೋ ಅಂದರು ನಮ್ಮ ಸಂತೆಯ ದೊಡ್ಡಮ್ಮ. 'ಒಳಗೆ ಏನೂ ಇಲ್ಲ' ಅಂದರೋ ಏನೋ. ಕೈಯಲ್ಲಿ ನಮ್ಮ ನೋಟ್‌ಬುಕ್ ಹಿಡಿದಿದ್ದರು, ಕಣ್ಣು ನನ್ನ ಮೇಲಿತ್ತು. ಯಾವುದರ ಬಗ್ಗೆ ಹೇಳಿದಿರಿ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ, ಅವರ ತೊಂದರೆಯೇ ಅದು.

ಅಕ್ಕ ಹೋಗಿ ಇವತ್ತಿಗೆ ಹನ್ನೊಂದು ದಿನ. ಐವತ್ತಮೂರನೆಯ ವಯಸ್ಸಿನಲ್ಲಿ ಮದುವೆಯಾಗಿ ಗಂಡನ ಊರಿಗೆ ಹೋದಳು. ಇದರಲ್ಲಿ ತಪ್ಪೇನೂ ಇಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಕೇಳದವರಿಗೂ ಹೇಳಿದ್ದೇನೆ. ಅವಳನ್ನು ಮದುವೆಯಾದವನು ನಮ್ಮ ಗಿರಾಕಿ. ಒಂದು ವರ್ಷದಲ್ಲಿ ನಮ್ಮ ಮೇಜಿನಿಂದ ಮೂವತ್ತೊಂದು ನೋಟ್‌ಬುಕ್ ಕೊಂಡ. ಬರೆಯುವ ಮನುಷ್ಯ ಎಂದು ನನಗೆ ಅವನ ಮೇಲೆ ಗೌರವವಿತ್ತು. ಒಂದರಲ್ಲೂ ಒಂದಕ್ಷರ ಬರೆದಿರಲಿಲ್ಲವಂತೆ. ಬಂದಾಗಲೆಲ್ಲ 'ಇದನ್ನು ಹೊಲಿದವರು ಯಾರು' ಎಂದು ಕೇಳುತ್ತಿದ್ದನಂತೆ. ರಟ್ಟು ಹಾಕಿದವರು ಯಾರು ಎಂದು ಒಮ್ಮೆಯೂ ಕೇಳಲಿಲ್ಲ.

ಹತ್ತೊಂಬತ್ತು ವರ್ಷ ನಮ್ಮದು ಹೀಗೆ ನಡೆದಿತ್ತು. ಹಾಳೆ ಮಡಚಿ ಕಂತೆ ಮಾಡುವುದು, ಕಂತೆಗೆ ಕಂತೆ ಸೇರಿಸಿ ದಾರದಲ್ಲಿ ಹೊಲಿಯುವುದು ಅವಳ ಕೆಲಸ. ಹೊಲಿದದ್ದರ ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕೂರಿಸಿ, ಬಟ್ಟೆ ಹೊದಿಸುವುದು ನನ್ನದು. ಒಂದೇ ಕೋಣೆ, ಎರಡು ಕಿಟಕಿ, ಅವಳಿಗೊಂದು, ನನಗೊಂದು. ಈಗ ಎರಡೂ ನನ್ನವೇ. ಬೆಳಕು ಜಾಸ್ತಿಯಾಗಿದೆ, ಕೆಲಸ ಇಲ್ಲ.

ಇವತ್ತು ಸಂತೆಯಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ತಿಳಿಸಿದೆ. ಅಕ್ಕ ಹೊಲಿದಿಟ್ಟದ್ದರಲ್ಲಿ ಇನ್ನು ಹದಿನೇಳು ಪುಸ್ತಕ ಉಳಿದಿವೆ. ಅವು ಮುಗಿಯುವವರೆಗೆ ತರುತ್ತೇನೆ, ಆಮೇಲೆ ಇಲ್ಲ. ಮೇಜು, ಸರದಿಯಲ್ಲಿ ಕಾಯುತ್ತಿರುವ ಮೇಣದಬತ್ತಿಯವಳಿಗೆ ಹೋಗಲಿ. ನೀನೇ ಹೊಲಿಗೆ ಕಲಿತುಕೋ ಎಂದರು ದೊಡ್ಡಮ್ಮ. ನಲವತ್ತೆಂಟನೆಯ ವಯಸ್ಸಿನಲ್ಲಿ ಈ ಬೆರಳುಗಳಿಗೆ ಅದು ಬರುವುದಿಲ್ಲ ಎಂದೆ. ಆಮೇಲೆ ಯಾರೂ ಮಾತಾಡಲಿಲ್ಲ. ಮೌನಿ ಕೂಡ. (ಕುಂಬಾರನಿಗೆ ನಾವು ಇಟ್ಟ ಹೆಸರು ಮೌನಿ. ಅವನು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ ಎಂಬ ಕಾರಣಕ್ಕೆ.)

ಫೆಬ್ರವರಿ 9, ಶನಿವಾರ

ನಮ್ಮ ಸಂತೆಯ ಪದ್ಧತಿಯನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಇವತ್ತು ನನಗೆ ನಾನೇ ವಿವರಿಸಿಕೊಳ್ಳುತ್ತಿದ್ದೇನೆ. ಬೇರೆ ಕೆಲಸ ಇಲ್ಲವಲ್ಲ.

ರೈಲು ಹಳಿಯ ಪಕ್ಕದ ಹಳೆಯ ಗೋದಾಮು. ಮೇಲೆ ತಗಡು, ಕೆಳಗೆ ಹದಿನಾಲ್ಕು ಮೇಜು. ಸುತ್ತಲಿನ ಊರುಗಳಿಂದ ಎರಡು ಬಸ್ಸು ಬದಲಾಯಿಸಿ, ಲಾರಿಯ ಹಿಂದೆ ಕೂತು, ಸೈಕಲ್ಲಿಗೆ ಕಟ್ಟಿಕೊಂಡು ಜನ ತಾವು ಕೈಯಾರೆ ಮಾಡಿದ್ದನ್ನು ತರುತ್ತಾರೆ. ತಂದವರು ಅದನ್ನು ಮಾರುವಂತಿಲ್ಲ. ಬೆಳಗ್ಗೆ ಒಂಬತ್ತಕ್ಕೆ ದೊಡ್ಡಮ್ಮ ತಾವೇ ಹೆಣೆದ ಬುಟ್ಟಿಯಲ್ಲಿ ಚೀಟಿ ಹಾಕಿ ಕುಲುಕುತ್ತಾರೆ. ಯಾರ ಮೇಜಿನ ಚೀಟಿ ಬಂತೋ ಅವರ ಮಾಲಿನ ಹಿಂದೆ ಆ ದಿನ ಕೂರಬೇಕು. ತನ್ನದೇ ಬಂದರೆ ವಾಪಸು ಹಾಕಬೇಕು. ಬಾಯಿ ತಪ್ಪಿ ತನ್ನ ಮಾಲನ್ನು ತಾನೇ ಹೊಗಳಿದವರು ಸಂಜೆ ಇಡೀ ಗೋದಾಮು ಗುಡಿಸಬೇಕು. ಮೂವತ್ತು ವರ್ಷದ ಹಿಂದೆ ಇದನ್ನು ಶುರು ಮಾಡಿದಾಗ ದೊಡ್ಡಮ್ಮ ಕೊಟ್ಟ ಕಾರಣ ಒಂದೇ: "ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಹೆಗ್ಗಣಾನ ಪಕ್ಕದ ಮನೆಯವರು ಮಾರಬೇಕು."

ಇನ್ನೊಂದು ನಿಯಮವೂ ಅವರದೇ. ಬೆಳಗಿನ ಗಂಟೆ ಹೊಡೆಯುವಾಗ ಮೂರು ಶನಿವಾರ ಒಂದೇ ಸಮನೆ ಬರಿದಾಗಿದ್ದ ಮೇಜು, ಸರದಿಯಲ್ಲಿ ಮೊದಲಿರುವವರಿಗೆ ಹೋಗುತ್ತದೆ. ಇದನ್ನು ಅವರು ಸ್ವಂತ ಮೈದುನನ ಮೇಲೂ ಚಲಾಯಿಸಿದ್ದಾರೆ. ಅವನು ಇವತ್ತಿಗೂ ಅವರ ಮನೆಯ ಹೊಸಿಲು ತುಳಿಯುವುದಿಲ್ಲ. ನೆಮ್ಮದಿಯಾಗಿದೆ ಅನ್ನುತ್ತಾರೆ.

ಇವತ್ತು ನನಗೆ ಬಂದದ್ದು ದೊಡ್ಡಮ್ಮನ ಬುಟ್ಟಿಗಳ ಮೇಜು. ಒಂಬತ್ತು ಮಾರಿದೆ. ಪರರ ವಸ್ತುವಿನ ಬಗ್ಗೆ ನನ್ನ ನಾಲಿಗೆ ಸಲೀಸಾಗಿ ಹರಿಯುತ್ತದೆ. ಮನುಷ್ಯನ ಪ್ರಾಮಾಣಿಕತೆಗೆ ಸ್ವಲ್ಪ ದೂರ ಬೇಕಾಗುತ್ತದೇನೋ. ನನ್ನ ಮೇಜಿನ ಹಿಂದೆ ಅವರೇ ಕೂತಿದ್ದರು. ಸಂಜೆ ಎಣಿಸಿದರೆ ಹದಿನೇಳಕ್ಕೆ ಹದಿನೇಳೂ ಅಲ್ಲೇ ಇವೆ.

ಫೆಬ್ರವರಿ 10, ಭಾನುವಾರ

ಎರಡೂ ಕಿಟಕಿ ಒರೆಸಿದೆ.

ಫೆಬ್ರವರಿ 16, ಶನಿವಾರ

ಇವತ್ತೂ ಒಂದೂ ಹೋಗಲಿಲ್ಲ. ಈ ಸಲ ನನ್ನ ಮೇಜಿನಲ್ಲಿದ್ದವಳು ಸಾಬೂನಿನವಳು. ಎರಡು ಬಸ್ಸು ಹಿಡಿದು ಬರುವವಳು, ಕಲ್ಲಿಗೂ ಸಾಬೂನು ಮಾರಿ ಬರುವವಳು. ಅಂಥವಳಿಗೆ ಬಗ್ಗಲಿಲ್ಲ ಎಂದರೆ ದೋಷ ಮಾಲಿನದೇ.

ಜನ ಕೈಗೆತ್ತಿಕೊಂಡು ನೋಡುತ್ತಾರೆ, ಮತ್ತೆ ಇಟ್ಟು ಹೋಗುತ್ತಾರೆ ಎಂದಳು. ಹಾಗೆನ್ನುವಾಗ ಸೆರಗಿನ ಅಂಚನ್ನು ನೋಡುತ್ತಿದ್ದಳು. ಪಾಪ, ನನ್ನ ಮುಖ ನೋಡಲು ಅವಳಿಗೆ ಕಷ್ಟವಾಗಿರಬೇಕು. ಆಮೇಲೆ ಮಾತು ತಿರುಗಿಸಲು ಅಕ್ಕನ ಸುದ್ದಿ ತೆಗೆದಳು. ಅಕ್ಕ ಅವಳಿಗೆ ವಾರಕ್ಕೆರಡು ಸಲ ಫೋನ್ ಮಾಡುತ್ತಾಳಂತೆ.

"ತಮ್ಮ ಊಟ ಮಾಡ್ತಾನಾ ಅಂತ ಕೇಳಿದ್ರು. ಊಟ ಮಾಡ್ತಾರೆ ಅಕ್ಕಾ, ಆದ್ರೆ ನುಂಗೋವಾಗಿನ ಮುಖ ನೋಡೋಕಾಗಲ್ಲ ಅಂದೆ."

ನಾನು ನಕ್ಕೆ. ನಗಬೇಕಾದ ಜಾಗ ಅದು ಎಂದು ಗೊತ್ತಿತ್ತು.

ಮನೆಗೆ ಬಂದು ಹದಿನೇಳನ್ನೂ ಸಾಲಾಗಿ ಇಟ್ಟು ನೋಡಿದೆ. ನನ್ನ ರಟ್ಟಿನಲ್ಲಿ ತಪ್ಪು ಕಾಣಲಿಲ್ಲ. ಮೂಲೆಗಳು ಮೂಲೆಗಳ ಹಾಗೇ ಇವೆ. ಆದರೆ ಒಂದು ಯೋಚನೆ ಬಂತು. ಹತ್ತೊಂಬತ್ತು ವರ್ಷ ಜನ ಕೊಂಡದ್ದು ಅಕ್ಕ ಹೊಲಿಯುತ್ತಿದ್ದಾಳೆ ಎಂಬುದನ್ನೇ ಇರಬೇಕು. ಅವಳಿಲ್ಲ ಎಂದು ಗೊತ್ತಾದ ದಿನದಿಂದ ಕೊಳ್ಳುವುದು ನಿಂತಿತು. ಹೊಲಿಗೆ ಅದೇ, ದಾರ ಅದೇ. ಮನುಷ್ಯಳು ಹೋದಳು ಎಂಬುದಷ್ಟೇ ಬದಲಾವಣೆ. ತತ್ವವಾಗಿ ನೋಡಿದರೆ ಇದು ಚೆನ್ನಾಗಿದೆ. ತತ್ವವಾಗಿ ನೋಡದೆ ಇರಲು ನಾನು ಪ್ರಯತ್ನಿಸಲಿಲ್ಲ.

ಫೆಬ್ರವರಿ 21, ಗುರುವಾರ

ಸಂಜೆ ಆರಕ್ಕೆ ಫೋನ್ ಬಂತು. ಗುರುವಾರ ಆರಕ್ಕೆ ಬರುವುದು ಅಕ್ಕನದು. ಪಕ್ಕದಲ್ಲೇ ಕೂತು ಎಷ್ಟು ಸಲ ಬಡಿದುಕೊಳ್ಳುತ್ತದೆ ಎಂದು ಎಣಿಸಿದೆ. ಹದಿನಾರು. ಹೋದ ವಾರ ಹದಿನಾಲ್ಕಿತ್ತು.

ಫೆಬ್ರವರಿ 23, ಶನಿವಾರ

ಹದಿನೇಳು.

ಟೋಪಿ ಹೆಣೆಯುವವನು ಬಂದಿರಲಿಲ್ಲ. ಯಾರಾದರೂ ತಪ್ಪಿಸಿಕೊಂಡರೆ ಸರದಿಯಲ್ಲಿರುವವರು ಅವರ ಬದಲು ಚೀಟಿ ಎತ್ತಬಹುದು. ಹಾಗೆ ನನ್ನ ಮೇಜಿಗೆ ಬಂದದ್ದು ಮೇಣದಬತ್ತಿಯವಳು. ಎರಡು ವರ್ಷದಿಂದ ಪ್ರತಿ ಶನಿವಾರ ತನ್ನ ಬತ್ತಿಯ ಪೆಟ್ಟಿಗೆ ಹೊತ್ತು ಬರುತ್ತಾಳೆ, ಬಾಗಿಲ ಬಳಿ ಇಟ್ಟುಕೊಂಡು ಕೂರುತ್ತಾಳೆ, ಪೆಟ್ಟಿಗೆ ತೆರೆಯದೆ ವಾಪಸು ಹೊತ್ತುಕೊಂಡು ಹೋಗುತ್ತಾಳೆ. ನನ್ನ ಮೇಜು ಬರಿದಾದರೆ ಅವಳಿಗೆ ಸಿಗುತ್ತದೆ. ಇವಳಾದರೂ ಮಾರಿಯಾಳು ಎಂದುಕೊಂಡೆ. ಮಾರುವುದರಲ್ಲಿ ಅವಳಿಗೇ ಲಾಭ. ಅವಳೂ ಒಂದನ್ನೂ ಮಾರಲಿಲ್ಲ.

ನನ್ನ ಮುಂದೆ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಕಾಯಿಲೆಯವರ ಕೋಣೆಯಲ್ಲಿ ಮಾತಾಡಿದ ಹಾಗೆ. ಮೌನಿ ನನಗೆ ಒಂದು ಹೂಜಿ ಕೊಟ್ಟ. ಯಾಕೆ ಎಂದರೆ 'ಸುಮ್ಮನೆ' ಎಂದ. ಒಂದೇ ಪದದಲ್ಲಿ ಉತ್ತರ ಕೊಡುವ ಮೌನಿಯನ್ನು ನೋಡಿ ನನಗೆ ಭಯವಾಯಿತು.

ಮುಂದಿನ ವಾರ ಹದಿನೇಳನ್ನೂ ಯಾವುದಾದರೂ ಶಾಲೆಗೆ ಕೊಟ್ಟು ಮೇಜು ಬಿಟ್ಟುಬಿಡುತ್ತೇನೆ.

ಮಾರ್ಚ್ 2, ಶನಿವಾರ

ಕೈ ಇನ್ನೂ ಪೊರಕೆ ಹಿಡಿದ ಆಕಾರದಲ್ಲೇ ಇದೆ. ನಡೆದದ್ದನ್ನು ನಡೆದ ಹಾಗೆ ಬರೆಯಬೇಕು, ನನ್ನ ಪರವಾಗಿ ತಿದ್ದಬಾರದು.

ನನಗೆ ಬಂದದ್ದು ಸಾಬೂನಿನ ಮೇಜು. ಅದರ ಪಕ್ಕದ್ದೇ ನನ್ನದು, ಅಲ್ಲಿ ಮೌನಿ. ಹತ್ತೂವರೆಯ ಹೊತ್ತಿಗೆ ಕನ್ನಡಕ ಹಾಕಿದ ಹೆಂಗಸೊಬ್ಬರು ಬಂದು ನೀಲಿ ಬಟ್ಟೆಯ ಪುಸ್ತಕ ಎತ್ತಿಕೊಂಡರು. ಬೆನ್ನು ಸವರಿದರು, ನಡುವೆ ತೆರೆದು ಮೂಸಿದರು. ಕೊಳ್ಳುವವರು ಮಾಡುವುದೇ ಹೀಗೆ. ನನಗೆ ಆಸೆಯಾಯಿತು. ಆಗ ಮೌನಿ ಮೇಜಿನ ಮೇಲೆ ಬಗ್ಗಿ, ತನಗೆ ಒಗ್ಗದ ಸಣ್ಣ ದನಿಯಲ್ಲಿ ಹೇಳಿದ.

"ಅದು ಬೇಡ ತಾಯಿ. ಮೇಲೆ ಚೆಂದ ಅಷ್ಟೇ. ಹೊಲಿಗೆ ಅಷ್ಟಕ್ಕಷ್ಟೇ. ಆರು ತಿಂಗಳಲ್ಲಿ ಹಾಳೆ ಉದುರುತ್ತೆ."

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ನಾನು ಎದ್ದು ನಿಂತಿದ್ದೆ. ಮೈ ಸುಟ್ಟ ಬೆಕ್ಕಿನ ಹಾಗೆ ಅವರಿಬ್ಬರ ನಡುವೆ ನುಗ್ಗಿದೆನಂತೆ. ಇದು ಸಾಬೂನಿನವಳ ವರ್ಣನೆ, ನನಗೆ ನೆನಪಿಲ್ಲ. ನೆನಪಿರುವುದು ಇಷ್ಟು. ಆ ನೀಲಿ ಪುಸ್ತಕವನ್ನು ಕಸಿದುಕೊಂಡೆ. ನಡುವಿನ ಒಂದೇ ಒಂದು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, ಇಡೀ ಪುಸ್ತಕವನ್ನು ಗಾಳಿಯಲ್ಲಿ ತೂಗಾಡಿಸಿದೆ.

"ಯಾರ ಹೊಲಿಗೆ ಉದುರುತ್ತೆ? ಇದು ನಮ್ಮಕ್ಕ ಹೊಲಿದಿದ್ದು. ಇದರಲ್ಲಿ ಒಂದು ಹಾಳೆ ಉದುರಿದ್ರೆ ತಂದು ನನ್ನ ಮುಖಕ್ಕೆ ಎಸೀರಿ."

ಆಮೇಲೆ ಬಾಯಿ ನಿಲ್ಲಲಿಲ್ಲ. ಅಕ್ಕ ದಾರಕ್ಕೆ ಮೇಣ ಹಚ್ಚಿ ಒಂದು ರಾತ್ರಿ ಆರಲು ಬಿಡುತ್ತಾಳೆ ಎಂದೆ. ಒಂದು ಹೊಲಿಗೆ ಸಡಿಲಾಗಿ ಕಂಡರೆ ಇಡೀ ಪುಸ್ತಕ ಬಿಚ್ಚುತ್ತಾಳೆ ಎಂದೆ. ಜ್ವರ ಬಂದಿದ್ದಾಗಲೂ ಎಡಗೈಯಲ್ಲಿ ಹಿಡಿದು ಕಂತೆ ನೇರ ಮಾಡುತ್ತಿದ್ದಳು, ಅಂಥ ಹೆಂಗಸು ನಿಮಗೆ ಇನ್ನೆಲ್ಲೂ ಸಿಗುವುದಿಲ್ಲ ಎಂದೆ. ಸುತ್ತ ಜನ ಸೇರಿದರು. ಒಬ್ಬರು ಎರಡು ತೆಗೆದುಕೊಂಡರು, ಇನ್ನೊಬ್ಬರು ಮೂರು. ಅರ್ಧ ಗಂಟೆಯಲ್ಲಿ ಹದಿನೇಳೂ ಹೋದವು.

ಮೇಜು ಬರಿದಾಯಿತು. ತಿರುಗಿ ನೋಡಿದರೆ ಹದಿಮೂರು ಮೇಜಿನವರೂ ನನ್ನನ್ನೇ ನೋಡುತ್ತಿದ್ದಾರೆ, ಬಾಗಿಲ ಬಳಿ ಮೇಣದಬತ್ತಿಯವಳು ಹಣೆ ಒತ್ತಿಕೊಂಡಿದ್ದಾಳೆ. ಮೌನಿಯ ಮುಖದಲ್ಲಿ ಸಿಟ್ಟಿಲ್ಲ, ಕೈಯಿಂದ ಮಡಕೆ ಜಾರಿದವನ ಮುಖ. ದೊಡ್ಡಮ್ಮ ಮೂಲೆಯ ಕಡೆ ಗದ್ದ ತೋರಿಸಿ, "ಮುಗೀತಾ? ಪೊರಕೆ ಅಲ್ಲಿದೆ" ಎಂದರು.

ಸಂಜೆ ನಾನು ಗುಡಿಸುವಾಗ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ದೊಡ್ಡಮ್ಮ ಮೂರು ವಾರದ ಹಿಂದೆ ಗಿರಾಕಿಗಳಿಗೆ ಹೇಳಿದ್ದು, ಇವು ಮಾರುವುದಕ್ಕಲ್ಲ, ಬರೀ ನೋಡುವುದಕ್ಕೆ ಎಂದು. ಸಾಬೂನಿನವಳು ಹೇಳಿದ್ದು, ಕಾಗದ ಶಾಯಿ ಕುಡಿಯುತ್ತದೆ ಎಂದು. ಮೇಣದಬತ್ತಿಯವಳಿಗೆ ಸುಳ್ಳು ಅಭ್ಯಾಸವಿಲ್ಲ, ಅದಕ್ಕೇ ಪುಸ್ತಕಗಳ ಮೇಲೆ ಬಟ್ಟೆ ಹೊದಿಸಿ ಕೂತುಬಿಟ್ಟಿದ್ದಳಂತೆ.

ಯಾಕೆ ಎಂದು ನಾನು ಕೇಳಿದ್ದು ಮೌನಿಯನ್ನು.

"ಹದಿನೇಳು ಮುಗಿದ ಮೇಲೆ ಇಲ್ಲ ಅಂದಿದ್ದು ನೀನೇ ಅಲ್ವಾ ರಟ್ಟಣ್ಣ? ಸರಿ, ಮುಗೀದೇ ಇರಲಿ ಅಂತ ನಾವು. ಮೂರು ವಾರ ಕಷ್ಟಪಟ್ಟು ತಡೆದಿದ್ವಿ. ನೀನು ಅರ್ಧ ಗಂಟೇಲಿ ಎಲ್ಲಾ ಮಾರಿ ಕೈ ತೊಳ್ಕೊಂಡೆ."

ಎಂದರೆ, ನನ್ನನ್ನು ಉಳಿಸಲು ಇಷ್ಟು ಜನ ಸೇರಿ ನನ್ನ ವ್ಯಾಪಾರ ಮುಳುಗಿಸುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ. ಕೋಪ ಮಾಡಿಕೊಳ್ಳಬೇಕೆಂದಿದ್ದೆ. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಎರಡೂ ಕಾಲು ಮೇಲೆತ್ತಿ, "ಇಲ್ಲಿ ಕೆಳಗೂ ಗುಡಿಸು" ಎಂದರು. ಗುಡಿಸಿದೆ.

ಮಾರ್ಚ್ 3, ಭಾನುವಾರ

ನಾನು ಹೊಗಳಿದ್ದು ಅಕ್ಕನ ಹೊಲಿಗೆಯನ್ನು. ನನ್ನ ರಟ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಿಯಮದ ಪ್ರಕಾರ ನಾನು ಗುಡಿಸಬೇಕಾದದ್ದು ಹೆಚ್ಚೆಂದರೆ ಅರ್ಧ ಗೋದಾಮು. ಮುಂದಿನ ಶನಿವಾರ ಈ ವಿಷಯ ಎತ್ತಬೇಕು.

ಮಾರ್ಚ್ 9, ಶನಿವಾರ

ಎತ್ತಿದೆ. ಉಳಿದರ್ಧವನ್ನು ಅಕ್ಕ ಬಂದಾಗ ಗುಡಿಸುತ್ತಾಳೆ ಬಿಡು ಎಂದರು ದೊಡ್ಡಮ್ಮ.

ಗಂಟೆ ಹೊಡೆದಾಗ ನನ್ನ ಮೇಜು ಬರಿದಾಗಿತ್ತು. ಇದು ಮೊದಲನೆಯ ಶನಿವಾರ. ಬರಿಗೈಯಲ್ಲಿ ಹೋಗುವ ಅಗತ್ಯವೇನಿತ್ತು ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಮನೆಯಲ್ಲಿ ಎರಡು ಕಿಟಕಿ ಇರುವುದರಿಂದ ಬಿಸಿಲು ಜಾಸ್ತಿ. ಕಾರಣ ಅದೇ ಇರಬೇಕು.

ಮಾಲಿಲ್ಲದವರಿಗೆ ಚೀಟಿ ಇಲ್ಲ. ಹಾಗಾಗಿ ನಾನು ದೊಡ್ಡಮ್ಮನ ಕೈಗೆ ಸಿಕ್ಕಿಬಿದ್ದೆ. ಅವರು ಮಾರುತ್ತಿದ್ದ ಹೂಜಿಗಳ ಹಿಂದೆ ನನ್ನನ್ನು ನೆಲದ ಮೇಲೆ ಕೂರಿಸಿ, ಸೂಜಿ, ದಾರ, ನಾಲ್ಕು ಕಂತೆ ಹಳೆಯ ಕಾಗದ ಕೊಟ್ಟರು. ಬುಟ್ಟಿ ಹೆಣೆಯುವವರಿಗೆ ಪುಸ್ತಕದ ಹೊಲಿಗೆ ಏನು ಗೊತ್ತು ಎಂದೆ. ಒಂದನ್ನೊಂದು ಬಿಡದ ಹಾಗೆ ಹಿಡಿಸುವುದು ಎರಡರಲ್ಲೂ ಒಂದೇ ಎಂದರು. ಮೂರನೆಯ ಹೊಲಿಗೆಗೆ ಕಾಗದ ಹರಿಯಿತು. ಸೂಜಿ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದರು. ಮತ್ತೆ ಹರಿಯಿತು. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಎಳೀಬೇಡ. ಕರಿ. ತಾನಾಗೇ ಬರುತ್ತೆ."

ಎಪ್ಪತ್ತು ದಾಟಿದ ಕೈ, ಬಿದಿರು ಸೀಳಿ ಸೀಳಿ ಹೊಲಿಗೆ ಹಾಕಿದ ಚಪ್ಪಲಿಯಂತಾಗಿದೆ. ಆ ಕೈ ನನ್ನ ಕೈಯ ಮೇಲೆ ಇರುವವರೆಗೆ ದಾರ ಬಂತು.

ಸಾಬೂನಿನವಳು ಹೊರಡುವಾಗ ಹೇಳಿದಳು: ಅಕ್ಕನಿಗೆ ಎಲ್ಲ ಸುದ್ದಿ ಮುಟ್ಟಿದೆ. ನಾನು ಪುಸ್ತಕ ತೂಗಾಡಿಸಿದ್ದನ್ನು ಹೇಳಿದಾಗ, ಯಾವ ಬಣ್ಣದ ಪುಸ್ತಕ ಎಂದು ಕೇಳಿದಳಂತೆ.

ಮಾರ್ಚ್ 13, ಬುಧವಾರ

ನನ್ನ ಹತ್ತಿರ ಅಕ್ಕನ ಹೊಲಿಗೆಯ ಮಾದರಿಯೇ ಉಳಿದಿಲ್ಲ. ಹದಿನೇಳನ್ನೂ ಮಾರಿದ ಶೂರ ನಾನೇ. ಇರುವುದು ಈ ದಿನಚರಿ ಒಂದೇ. ಇದಕ್ಕೆ ನಾನು ರಟ್ಟನ್ನು ತಲೆಕೆಳಗಾಗಿ ಅಂಟಿಸಿದ್ದೆ, ಅದಕ್ಕೆ ಮನೆಯಲ್ಲೇ ಉಳಿಯಿತು. ಇದನ್ನು ಬಿಚ್ಚಬಹುದು. ಆದರೆ ಬಿಚ್ಚಿದರೆ ಬರೆಯುವುದು ಎಲ್ಲಿ? ಹೀಗೆ ಕಾರಣ ಹುಡುಕಿಕೊಂಡು ಕೂತಿದ್ದಾಗ ಮನೆ ಮುಂದೆ ಮಣ್ಣಿನ ಲಾರಿ ನಿಂತಿತು. ಮೌನಿ ಇಳಿದ.

ಅವನ ಕಂಕುಳಲ್ಲಿ ಹನ್ನೆರಡು ವರ್ಷದ ಹಿಂದೆ ನಾವು ಕೊಟ್ಟ ದಪ್ಪ ಪುಸ್ತಕವಿತ್ತು. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು, ಎಷ್ಟು ಬೆಂಕಿ ಎಂದು ಅವನು ಬರೆದಿಟ್ಟುಕೊಂಡಿರುವುದು ಅದರಲ್ಲೇ. ಹೆಂಡತಿಗೂ ಮುಟ್ಟಲು ಬಿಟ್ಟವನಲ್ಲ. ಅದನ್ನು ನನ್ನ ಮುಂದೆ ಇಟ್ಟು "ಬಿಚ್ಚು" ಎಂದ. ನಾನು ಬೇಡವೆಂದೆ. ನಿಮ್ಮಕ್ಕನ ಹೊಲಿಗೆಯ ಬಗ್ಗೆ ಸುಳ್ಳು ಹೇಳಿದ ಬಾಯಿ ಇದು, ಇಷ್ಟಾದರೂ ಮಾಡಲಿ ಬಿಡು ಎಂದ. ಆಮೇಲೆ ತನ್ನ ಭಟ್ಟಿಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದ. ನನಗೆ ನೆಮ್ಮದಿಯಾಯಿತು.

ಮುಂಭಾಗದ ರಟ್ಟು ಬಿಡಿಸಿ ಮೊದಲ ಎರಡು ಕಂತೆಗಳನ್ನಷ್ಟೇ ಬಿಚ್ಚಿದೆ. ಅಲ್ಲಿ ಬರೆದಿರುವುದು ಅವನಿಗೆ ಈ ವಾರವೇ ಬೇಕಿತ್ತು; ಆ ಹಾಳೆಗಳನ್ನು ಕೊಟ್ಟು ಕಳಿಸಿದೆ, ಉಳಿದ ಪುಸ್ತಕ ನನ್ನ ಹತ್ತಿರವೇ ಇದೆ. ಶುರು ಮಾಡುವುದು ಹೇಗೆ ಎಂದು ಈಗ ಗೊತ್ತಾಗಿದೆ.

ಮಾರ್ಚ್ 16, ಶನಿವಾರ

ಎರಡನೆಯ ಬರಿ ಮೇಜು. ಮೂರು ಪುಸ್ತಕ ಹೊಲಿದಿದ್ದೆ, ಮೂರೂ ರಟ್ಟು ಹಾಕುವ ಮೊದಲೇ ಕೊನೆಯ ಕಂತೆಯಿಂದ ಬಿಚ್ಚಿಕೊಂಡವು. ಶುರು ಚೆನ್ನಾಗಿದೆ, ಮುಗಿಸುವುದು ಬರುವುದಿಲ್ಲ.

ಮೌನಿಗೆ ಕೊಟ್ಟ ಹಾಳೆಗಳು ಹಿಂದು ಮುಂದಾಗಿದ್ದವಂತೆ. ನೀಲಿ ಬರಬೇಕಾದ ಹೂಜಿಗಳು ತುಕ್ಕಿನ ಬಣ್ಣಕ್ಕೆ ತಿರುಗಿ ಕೂತಿವೆ. ನಾನು ತಲೆ ತಗ್ಗಿಸಿ ನಿಂತೆ. ಮಧ್ಯಾಹ್ನದೊಳಗೆ ಅಷ್ಟೂ ಖರ್ಚಾದವು. ಈಗ ಅವನು ಆ ತಪ್ಪನ್ನು ಇನ್ನೊಮ್ಮೆ ಮಾಡಿಕೊಡು ಎಂದು ಪೀಡಿಸುತ್ತಿದ್ದಾನೆ.

ಮೇಣದಬತ್ತಿಯವಳ ಹತ್ತಿರ ಹೋಗಿ, ಇನ್ನೊಂದೇ ವಾರ ಎಂದೆ. ಅವಳು ಪೆಟ್ಟಿಗೆಯ ಹಗ್ಗ ಸರಿಮಾಡುತ್ತಾ, ದಾರಕ್ಕೆ ಹಚ್ಚಲು ಒಳ್ಳೆಯ ಮೇಣ ಬೇಕಿದ್ದರೆ ನನ್ನ ಹತ್ತಿರ ಇದೆ ಎಂದಳು. ಕೊಟ್ಟಳು ಕೂಡ. ನನ್ನ ಮೇಜು ತನಗೆ ಬರಬೇಕಾದವಳು ನನ್ನ ದಾರಕ್ಕೆ ಮೇಣ ಕೊಡುವುದು. ಈ ಜನರಿಗೆ ಲಾಭ ನಷ್ಟ ಯಾರು ಕಲಿಸಬೇಕೋ.

ಮಾರ್ಚ್ 21, ಗುರುವಾರ

ಆರಕ್ಕೆ ಫೋನ್ ಬಂತು. ಬಾಯಲ್ಲಿ ದಾರ ಕಚ್ಚಿಕೊಂಡಿದ್ದೆ, ಎರಡೂ ಕೈ ಪುಸ್ತಕದೊಳಗೆ. ಎತ್ತಲಾಗಲಿಲ್ಲ. ಎಣಿಸಲೂ ಇಲ್ಲ.

ನಾಲ್ಕನೆಯದೂ ಬಿಚ್ಚಿಕೊಂಡಿತು.

ಮಾರ್ಚ್ 23, ಶನಿವಾರ

ಐದನೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಕೊನೆಯ ಕಂತೆಗೆ ಏಳು ಗಂಟು ಹಾಕಿದ್ದೆ. ಬೆನ್ನಿನ ಕೆಳಗೆ ಹುಣಸೆ ಬೀಜದಷ್ಟು ಉಬ್ಬು. ಅಷ್ಟಗಲದ ಮೇಜಿನ ಮೇಲೆ ಒಂದೇ ಒಂದು ಪುಸ್ತಕ. ಒಂದಿದ್ದರೆ ಬರಿದು ಅನ್ನಬಹುದೇ ಎಂದು ಟೋಪಿಯವನು ಕೇಳಿದ. ಒಂದೇ ಮಗು ಹೆತ್ತವಳನ್ನು ಬಂಜೆ ಅಂತೀಯಾ ಎಂದರು ದೊಡ್ಡಮ್ಮ. ಅಲ್ಲಿಗೆ ಅದು ಮುಗಿಯಿತು. ಗಂಟೆ ಹೊಡೆಯಿತು.

ಸಾಬೂನಿನವಳಿಗೆ ಎರಡನೆಯ ಬಸ್ಸು ತಪ್ಪಿತ್ತು. ಅವಳ ಬದಲು ಚೀಟಿ ಎತ್ತಿದವಳು ಮೇಣದಬತ್ತಿಯವಳು. ನನ್ನ ಮೇಜೇ ಬಂತು. ಬುಟ್ಟಿ ಕುಲುಕಿದ ಕೈಯ ಮೇಲೆ ನನಗೆ ಅನುಮಾನವಿದೆ, ಆದರೆ ಬರೆದಿಡುವಷ್ಟು ಆಧಾರವಿಲ್ಲ.

ನಾನು ಎದುರಿನ ಹೂಜಿಗಳ ಮೇಜಿನಲ್ಲಿ ಕೂತು ಅವಳನ್ನೇ ನೋಡುತ್ತಿದ್ದೆ. ಅವಳು ಪುಸ್ತಕದ ಮೇಲೆ ಬಟ್ಟೆ ಹೊದಿಸಲಿಲ್ಲ. ತೆರೆದಳು, ಎಳೆದಳು, ಮುಚ್ಚಿದಳು, ಮತ್ತೆ ತೆರೆದಳು. ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ಸಮವಸ್ತ್ರದಲ್ಲಿದ್ದ ದಾದಿಯೊಬ್ಬಳು ನಿಂತಳು. ಒಂದೇ ಇದೆಯಲ್ಲ ಎಂದಳು. ಆಗ ಮೇಣದಬತ್ತಿಯವಳು ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ. ನನ್ನ ಕೆಲಸದ ಬಗ್ಗೆ ಇಷ್ಟು ಸರಿಯಾಗಿ ಯಾರೂ ಮಾತಾಡಿಲ್ಲ.

"ಹೊಲಿಗೆ ನೆಟ್ಟಗಿಲ್ಲ ನೋಡಿ. ಹೊಲಿದವರಿಗೆ ಇದು ಐದನೇದು. ಮೊದಲ ನಾಲ್ಕು ಬಿಚ್ಚಿಹೋದ್ವು. ಇದನ್ನ ಬೆಳಗ್ಗೆಯಿಂದ ಎಳೆದು ನೋಡ್ತಾ ಇದೀನಿ, ಬಿಚ್ಚಿಲ್ಲ. ರಟ್ಟು ಮಾತ್ರ ತುಂಬಾ ಚೆನ್ನಾಗಿದೆ."

ದಾದಿ ನಕ್ಕಳು. ಉಬ್ಬಿನ ಮೇಲೆ ಹೆಬ್ಬೆರಳು ಇಟ್ಟು ನೋಡಿದಳು. ತೆಗೆದುಕೊಂಡಳು. ನಮ್ಮ ವಾರ್ಡಿನಲ್ಲಿ ಇನ್ನೂ ಐದು ಜನ ಇದ್ದೇವೆ, ಮುಂದಿನ ವಾರ ಇರುತ್ತದೆಯೇ ಎಂದು ಕೇಳಿದಳು.

ಇಲ್ಲ ಅಂದಿದ್ದರೆ, ಗೊತ್ತಿಲ್ಲ ಅಂದಿದ್ದರೂ, ಸುಳ್ಳಾಗುತ್ತಿರಲಿಲ್ಲ. ಎರಡು ವರ್ಷ ಪೆಟ್ಟಿಗೆ ಹೊತ್ತವಳು. ಅವಳು ನನ್ನ ಕಡೆ ನೋಡಲಿಲ್ಲ.

"ಇರುತ್ತೆ" ಎಂದಳು.

ಮೌನಿಯ ಹೂಜಿಯೊಂದನ್ನು ನಾನು ಆಗ ಕೆಳಗೆ ಬೀಳಿಸಿದೆ.

ಮಾರ್ಚ್ 24, ಭಾನುವಾರ

ಮುಂದಿನ ಶನಿವಾರದಿಂದ ನನ್ನ ಮೇಜಿನ ಅರ್ಧದಲ್ಲಿ ಮೇಣದಬತ್ತಿ ಇರುತ್ತದೆ. ಐದಾರು ಪುಸ್ತಕಕ್ಕೆ ಅಷ್ಟು ದೊಡ್ಡ ಮೇಜು ನೋಡುವುದಕ್ಕೆ ಚೆನ್ನಾಗಿರುವುದಿಲ್ಲ, ಅದಕ್ಕೆ. ದೊಡ್ಡಮ್ಮನಿಗೂ ಹೀಗೇ ವಿವರಿಸಿದೆ. ಒಂದೇ ಮೇಜಿಗೆ ಎರಡು ಚೀಟಿ ಬರೆಯಬೇಕಾಯಿತಲ್ಲ ಎಂದು ಗೊಣಗಿದರು. ಗೊಣಗುವಾಗ ಬೇರೆ ಕಡೆ ತಿರುಗಿಕೊಂಡಿದ್ದರು.

ಐದು ಪುಸ್ತಕ ಆಗಬೇಕು. ಏಳು ಗಂಟಿನ ಉಬ್ಬು ಇನ್ನು ನಡೆಯದು. ವಾರ್ಡಿನ ಐದೂ ಜನ ಅದಕ್ಕೆ ಹೆಬ್ಬೆರಳು ಇಟ್ಟು ನಗುವುದು ಬೇಡ. ಅಕ್ಕ ಹೇಗೆ ಮುಗಿಸುತ್ತಿದ್ದಳು ಎಂದು ನೋಡಲೇಬೇಕಾಗಿತ್ತು. ಬೆಳಗ್ಗೆ ಮೌನಿಯ ಪುಸ್ತಕವನ್ನು ಅವಳ ಕಿಟಕಿಗೆ ಒಯ್ದು, ಹಿಂದಿನ ರಟ್ಟಿಗೆ ಒದ್ದೆ ಬಟ್ಟೆ ಒತ್ತಿ, ಅಂಟು ಮೆತ್ತಗಾದ ಮೇಲೆ ಬಿಡಿಸಿದೆ.

ಕೊನೆಯ ಕಂತೆಗೆ ಗಂಟು ಒಂದೇ. ದಾರ ಹಿಂದಿನ ಹೊಲಿಗೆಯ ಕೆಳಗೆ ನುಸುಳಿ, ತನ್ನನ್ನು ತಾನೇ ಹಿಡಿದುಕೊಂಡಿದೆ. ಅಷ್ಟಕ್ಕೆ ಕತ್ತರಿಸಬಹುದಿತ್ತು. ಕತ್ತರಿಸಿಲ್ಲ. ಮುಂದೆ ಮೊಳದುದ್ದ ದಾರ ಹಾಗೇ ಬಿಟ್ಟು, ಚಿಕ್ಕದಾಗಿ ಸುರುಳಿ ಸುತ್ತಿ, ಬೆನ್ನಿನ ಪಕ್ಕ ಚಪ್ಪಟೆಯಾಗಿ ಮಲಗಿಸಿದ್ದಾಳೆ. ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಮೇಲೆ ಅಂಟು ಹಚ್ಚಿ ರಟ್ಟು ಒತ್ತಿದವನು ನಾನು. ಕೈಗೆ ತಾಗಿರಲೇಬೇಕು. ಒಂದು ಪುಸ್ತಕದಲ್ಲಿ ಅಲ್ಲ, ಹತ್ತೊಂಬತ್ತು ವರ್ಷದ ಅಷ್ಟೂ ಪುಸ್ತಕಗಳಲ್ಲಿ.

ಮೌನಿಯ ಎರಡು ಕಂತೆಗಳನ್ನು ವಾಪಸು ತರಿಸಿ ಹೊಲಿಯುವಾಗ ಈ ದಾರವೇ ಸಾಕಾಗುತ್ತದೆ, ಅಳೆದು ನೋಡಿದೆ.

ಗುರುವಾರಕ್ಕೆ ಇನ್ನೂ ನಾಲ್ಕು ದಿನ. ಐದು ಪುಸ್ತಕ ಹೊಲಿಯಬೇಕಾದವನು ಅಲ್ಲಿಯವರೆಗೆ ಕಾಯಲಾಗದು. ಮಧ್ಯಾಹ್ನದ ಮೇಲೆ ನಾನೇ ಫೋನ್ ಮಾಡುವುದು ಒಳ್ಳೆಯದು. ಭಾವ ಎತ್ತಿಕೊಂಡರೆ ಅವರ ಹತ್ತಿರ ಮೊದಲು ಏನಾದರೂ ಮಾತಾಡಬೇಕು. ಆ ಮೂವತ್ತೊಂದರಲ್ಲಿ ಏನಾದರೂ ಬರೆಯಲು ಶುರು ಮಾಡಿದಿರಾ ಎಂದು ಕೇಳಬಹುದು. ಆಮೇಲೆ ಅವಳಿಗೆ ಕೊಡಿ ಎನ್ನುತ್ತೇನೆ. ಫೋನಿನಲ್ಲಿ ನಾನು ಕೇಳುವುದು ಗಂಟಿನ ವಿಷಯವೇ ಇರುತ್ತದೆ, ನನಗೆ ಗೊತ್ತು. ಅದಕ್ಕೇ ಇದನ್ನು ಇಲ್ಲಿ ಕೇಳುತ್ತಿದ್ದೇನೆ.

ಅಕ್ಕಾ, ಯಾರಾದರೂ ಒಂದು ದಿನ ಇದನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ ಎಂದು ನಿನಗೆ ಯಾವಾಗಿನಿಂದ ಗೊತ್ತಿತ್ತು?